ಬಿಸಿಯಾದರೆ ನಿಲ್ಲುತ್ತಿದ್ದ ಫಿಯೆಟ್: ಒಂದು ಎಂಜಿನ್, ಎರಡು ಕಾಯಿಲೆ

ಹನುಮಂತನಗರದ ಟೀಚರ್ ಮನೆಯ ಫಿಯೆಟ್ 1100 ಡಿಲೈಟ್ ವಿಲ್ಸನ್ ಗಾರ್ಡನ್‌ನ ನಮ್ಮ ಶೆಡ್ಡಿಗೆ ಬಂದದ್ದು ಇನ್ನೊಂದು ಗಾಡಿಯ ಬೆನ್ನ ಮೇಲೆ. ಟೌನ್‌ಹಾಲ್ ಸಿಗ್ನಲ್‌ನಲ್ಲಿ ನಿಂತುಬಿಟ್ಟಿದೆ, ಏನು ಮಾಡಿದರೂ ಏಳುತ್ತಿಲ್ಲ ಎಂದು ಫೋನ್ ಬಂದಿತ್ತು. ಇಳಿಸಿಕೊಂಡು, ಕಾಫಿ ತರಿಸಿ ಕುಡಿದು ಕೀ ತಿರುಗಿಸಿದರೆ ಒಂದೇ ಸೆಲ್ಫ್‌ಗೆ ಎದ್ದಿತು. ಐಡ್ಲಿಂಗ್ ಹೊಲಿಗೆ ಮಿಷನ್ನಿನ ಹಾಗೆ ಸಮವಾಗಿತ್ತು.

"ನೋಡಿದ್ಯೇನಪ್ಪ, ಗ್ಯಾರೇಜಿಗೆ ಬಂದ್ರೆ ಹಿಂಗೇ. ಐದು ತಿಂಗಳಿಂದ ಇದೇ ಕಥೆ. ಮೂರು ಕಡೆ ತೋರಿಸಿದೆ. ಎಲ್ಲರೂ ಪೆಟ್ರೋಲ್ ಆವಿ ಅಂದ್ರು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಅಂದ್ರು. ಹಾಕ್ತೀನಿ. ಶುರುವಾಗತ್ತೆ. ಮುಂದಿನ ವಾರ ಮತ್ತೆ ನಿಲ್ಲತ್ತೆ," ಅಂದರು ಟೀಚರ್. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಜಾಸ್ತಿ ಇತ್ತು. ತಂದೆ ಕೊಂಡ ಗಾಡಿ ಅದು.

1970ರ ಮಾಡೆಲ್. ನಂಬರ್ ಎಂವೈ ಎಂದು ಶುರುವಾಗುತ್ತದೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ, ಈ ಗಾಡಿ ಮೈಸೂರು ರಾಜ್ಯದಲ್ಲಿ ರಸ್ತೆಗಿಳಿದದ್ದು. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ತಯಾರಿಸಿದ, ಮುಂದೆ ಪದ್ಮಿನಿ ಎಂದು ಮನೆಮಾತಾದ ಕಾರಿನ ಅಕ್ಕ. ನಾಲ್ಕು ಸಿಲಿಂಡರ್, 68 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಒಟ್ಟು 1089 ಸಿಸಿ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡಲು ಒಂದೇ ಒಂದು ಸೋಲೆಕ್ಸ್ ಕಾರ್ಬ್ಯುರೇಟರ್. ಗೇರ್ ಸ್ಟಿಯರಿಂಗ್ ಪಕ್ಕದಲ್ಲಿ. ಪೆಟ್ರೋಲ್ ಟ್ಯಾಂಕ್ ಹಿಂದೆ ಡಿಕ್ಕಿಯ ಕಡೆ, ಅದರಿಂದ ಪೆಟ್ರೋಲ್ ಎಳೆಯುವ ಪಂಪ್ ಮುಂದೆ ಎಂಜಿನ್ ಮಗ್ಗುಲಲ್ಲಿ. ನಮ್ಮವರ ಬಾಯಲ್ಲಿ ಆ ಪಂಪಿಗೆ ಎಸಿ ಪಂಪ್ ಎಂದೇ ಹೆಸರು, ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಡೆಲ್ಕೊ. ಇಲ್ಲೂ ಹಾಗೇ ಬರೆಯುತ್ತೇನೆ. ಐವತ್ತು ವರ್ಷ ದಾಟಿದ ಗಾಡಿಗಳಿಗೆ 2021ರ ನಿಯಮದಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ಇದೆ, ಅದಕ್ಕೆ ಇದು ಅರ್ಹ. ಆದರೆ ಆ ನೋಂದಣಿ ಪಡೆದರೆ ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ ಎಂದು ಟೀಚರ್ ಅದನ್ನು ಬೇಡವೆಂದರು. ಅವರಿಗೆ ಇದು ಓಡುವ ಕಾರು. ಪ್ರತಿ ಶನಿವಾರ ಮಲ್ಲೇಶ್ವರದ ಅಕ್ಕನ ಮನೆಗೆ, ತಿಂಗಳಿಗೊಮ್ಮೆ ಚನ್ನಪಟ್ಟಣದ ಹತ್ತಿರದ ತೋಟಕ್ಕೆ.

ಮೂರು ಗ್ಯಾರೇಜುಗಳು ಮಾಡಿದ ಕೆಲಸದ ಪಟ್ಟಿ ಸಣ್ಣದಲ್ಲ. ಎಸಿ ಪಂಪ್ ಬದಲಾಗಿದೆ. ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ ತೊಳೆದಿದ್ದಾರೆ. ಎಂಜಿನ್ ಕೋಣೆಯ ಪೆಟ್ರೋಲ್ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತಿದ್ದಾರೆ. ಕಿಡಿಗೆ ಬೇಕಾದ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಹೊಸದು. ಇದಕ್ಕೆಲ್ಲ ಮುಂಚೆ, ಸುಮಾರು ಎಂಟು ತಿಂಗಳ ಹಿಂದೆ, ಟ್ಯೂನಿಂಗ್ ಮಾಡಿಸಿದಾಗ ಡೆಲ್ಕೊ ಒಳಗೆ ತೆರೆದು ಮುಚ್ಚಿ ಕಾಯಿಲ್‌ನ ಕರೆಂಟ್ ಕಡಿದು ಕೂಡಿಸುವ ಪಾಯಿಂಟ್, ಅದರ ಜೊತೆಗಿನ ಕಂಡೆನ್ಸರ್, ರೋಟರ್, ಪ್ಲಗ್ ಎಲ್ಲವನ್ನೂ ಹೊಸದಾಗಿ ಹಾಕಿದ್ದಾರೆ. ಕಂಡೆನ್ಸರ್ ಹೊಸದು ಎನ್ನುವುದನ್ನು ನೆನಪಿಡಿ.

ನಾನೂ ಮೊದಲು ಆವಿಯನ್ನೇ ನಂಬಿದೆ ಎಂದು ಹೇಳಬೇಕು. ನಂಬಲು ಕಾರಣವಿತ್ತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರದ ದಡಕ್ಕಿಂತ ಹತ್ತು ಪಾಲಿಗೆ ಒಂದು ಪಾಲು ಕಡಿಮೆ, ನೀರು 97 ಡಿಗ್ರಿಗೇ ಕುದಿಯುತ್ತದೆ, ಪೆಟ್ರೋಲೂ ಅಷ್ಟೇ ಬೇಗ ಆವಿಯಾಗುತ್ತದೆ. ಟ್ರಾಫಿಕ್‌ನಲ್ಲಿ ನಿಂತ ಹಳೆಯ ಗಾಡಿಯ ಬಾನೆಟ್ ಒಳಗೆ ಗಾಳಿ ಆಡುವುದಿಲ್ಲ. ಪಂಪಿನಲ್ಲಿ ಪೆಟ್ರೋಲ್ ಬದಲು ಆವಿ ತುಂಬಿಕೊಂಡರೆ ಒಳಗಿನ ಪೊರೆ, ಅಂದರೆ ಡಯಾಫ್ರಮ್, ಬಡಿದುಕೊಳ್ಳುತ್ತದೆಯೇ ಹೊರತು ಏನನ್ನೂ ಎಳೆಯುವುದಿಲ್ಲ. ಹಿಂದೆ ನಂದಿ ಬೆಟ್ಟ ಹತ್ತುವಾಗ ಒದ್ದೆ ಬಟ್ಟೆ ಕಟ್ಟಿಕೊಂಡು ಹೋದವರನ್ನು ನಾನೇ ನೋಡಿದ್ದೇನೆ. ಆದ್ದರಿಂದ ಆವಿ ಎಂಬುದು ಸುಳ್ಳು ಕಾಯಿಲೆಯಲ್ಲ. ಈ ಗಾಡಿಗೆ ಇದ್ದದ್ದು ಅದೇನಾ ಎಂಬುದಷ್ಟೇ ಪ್ರಶ್ನೆ.

ಅಷ್ಟರಲ್ಲಿ ಟೀಚರ್ ಬ್ಯಾಗಿನಿಂದ ಒಂದು ಉದ್ದ ನೋಟ್‌ಬುಕ್ ತೆಗೆದು ಕೊಟ್ಟರು. ಗಣಿತ ಹೇಳಿಕೊಟ್ಟವರು ಅವರು. ಗಾಡಿ ನಿಂತಾಗೆಲ್ಲ ಹೊರಟ ಹೊತ್ತು, ನಿಂತ ಹೊತ್ತು, ಜಾಗ, ವೇಗ, ಟ್ಯಾಂಕಿನಲ್ಲಿದ್ದ ಪೆಟ್ರೋಲ್, ಮತ್ತೆ ಶುರುವಾಗಲು ಹಿಡಿದ ಸಮಯ, ಎಲ್ಲವನ್ನೂ ಗೆರೆ ಎಳೆದು ಬರೆದಿದ್ದರು. ಒಟ್ಟು 17 ಸಲ. ಕೊನೆಯ ಕಾಲಂಗೆ "ಹೇಗೆ ನಿಂತಿತು" ಎಂದು ತಲೆಬರಹ. "ಈ ಕಾಲಂ ಯಾರೂ ಓದಲಿಲ್ಲ ಕಣಪ್ಪ. ಎಲ್ಲಿ ನಿಂತಿತು, ಎಷ್ಟು ಬಿಸಿ ಇತ್ತು, ಅಷ್ಟೇ ಕೇಳಿದ್ರು," ಅಂದರು.

ಓದಿದೆ. ಒಂದು ಕಡೆ ಹೀಗಿತ್ತು: "9.20 ಹೊರಟೆ. 9.58 ಕೆ.ಆರ್. ಸರ್ಕಲ್. ಸ್ವಿಚ್ ಆರಿಸಿದ ಹಾಗೆ ಫಟ್ ಅಂತ ನಿಂತಿತು. 10.21 ಶುರು." ಎರಡು ಪುಟ ಬಿಟ್ಟು ಇನ್ನೊಂದು: "ಕೆಂಗೇರಿ ದಾಟಿ, ವೇಗ 65. ಎಳೆತ ಕಮ್ಮಿಯಾಗ್ತಾ ಬಂತು, ಮೂರು ಸಲ ಜಗ್ಗಿತು, ಆಮೇಲೆ ನಿಂತಿತು. 3 ನಿಮಿಷಕ್ಕೆ ಶುರು."

ನಾನು ಪೆನ್ಸಿಲ್ ತೆಗೆದುಕೊಂಡು ಗುರುತು ಹಾಕುತ್ತಾ ಹೋದೆ. ಫಟ್ ಎಂದು ನಿಂತದ್ದು 10 ಸಲ. ಎಲ್ಲ ಊರೊಳಗೆ, ಎಲ್ಲ ಹೊರಟ 35ರಿಂದ 45 ನಿಮಿಷದ ಒಳಗೆ, ಮತ್ತೆ ಏಳಲು ಇಪ್ಪತ್ತು ನಿಮಿಷದ ಆಸುಪಾಸು. ಉಸಿರು ಕಟ್ಟಿದ ಹಾಗೆ ಜಗ್ಗಿ ಜಗ್ಗಿ ನಿಂತದ್ದು 5 ಸಲ. ಎಲ್ಲ ಮೈಸೂರು ರಸ್ತೆಯಲ್ಲಿ, ಎಲ್ಲ 60ರ ಮೇಲಿನ ವೇಗದಲ್ಲಿ, ಮತ್ತೆ ಏಳಲು ಎರಡು ಮೂರು ನಿಮಿಷ ಸಾಕು. ಉಳಿದ ಎರಡರ ಮುಂದೆ ಟೀಚರೇ ಪ್ರಶ್ನೆ ಚಿಹ್ನೆ ಹಾಕಿದ್ದರು. ಅವೆರಡೂ ನಾಯಂಡಹಳ್ಳಿಯ ಜಾಮ್‌ನಲ್ಲಿ ಬಹಳ ಹೊತ್ತು ನಿಂತು ಆಮೇಲೆ ವೇಗ ಹಿಡಿದಾಗ ಆದವು.

ಐದು ತಿಂಗಳಿಂದ ಎಲ್ಲರೂ ಒಂದು ಕಾಯಿಲೆ ಹುಡುಕುತ್ತಿದ್ದರು. ಗಾಡಿಗೆ ಇದ್ದದ್ದು ಎರಡು. ಒಂದಕ್ಕೆ ಮದ್ದು ಕೊಟ್ಟರೆ ಇನ್ನೊಂದು ಬಂದು ಮದ್ದನ್ನು ಸುಳ್ಳು ಮಾಡುತ್ತಿತ್ತು. ಪಂಪ್ ಬದಲಿಸಿದ ಮೇಲೂ ಸಿಗ್ನಲ್‌ನಲ್ಲಿ ನಿಂತಿತು, ಆದ್ದರಿಂದ ಪೆಟ್ರೋಲ್ ಕಡೆ ಸರಿಯಿದೆ ಎಂದುಕೊಂಡರು. ಕಾಯಿಲ್ ಬದಲಿಸಿದ ಮೇಲೂ ಕೆಂಗೇರಿಯಲ್ಲಿ ನಿಂತಿತು, ಆದ್ದರಿಂದ ಕರೆಂಟ್ ಕಡೆ ಸರಿಯಿದೆ ಎಂದುಕೊಂಡರು.

ಮೊದಲ ದಿನದ ಸಾಮಾನ್ಯ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಷನ್ 118ರಿಂದ 125 ಪಿಎಸ್‌ಐ, ಒಂದಕ್ಕೊಂದು ಹತ್ತಿರ. ನಮ್ಮ ಎತ್ತರಕ್ಕೆ ಅದು ಒಳ್ಳೆಯ ಅಂಕಿ. ಟ್ಯಾಪೆಟ್ ಸದ್ದಿಲ್ಲ, ಹೆಡ್ ಗ್ಯಾಸ್ಕೆಟ್ ಸೋರಿಕೆ ಇಲ್ಲ, ನೀರು ಕುದಿಯುತ್ತಿಲ್ಲ. ಪ್ಲಗ್‌ಗಳ ಬಣ್ಣ ಬಿಸ್ಕತ್ತಿನ ಕಂದು, ಅಂದರೆ ಪೆಟ್ರೋಲ್ ಗಾಳಿಯ ಮಿಶ್ರಣ ಸರಿಯಿದೆ.

ತಣ್ಣಗಿದ್ದಾಗ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಕಾಯಿಲೆ ಮೈಮೇಲೆ ಬಂದ ಹೊತ್ತಿಗೇ ಅದನ್ನು ಹಿಡಿಯಬೇಕು. ಎರಡು ದಿನ ಶೆಡ್ಡಿನೊಳಗೆ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿ ಬಿಟ್ಟೆವು, ನಿಲ್ಲಲಿಲ್ಲ. ಮೂರನೆಯ ದಿನ ಹೊಳೆಯಿತು: ನಾವು ಬಾನೆಟ್ ತೆರೆದಿಟ್ಟು ನೋಡುತ್ತಿದ್ದೇವೆ! ಗಾಡಿಯನ್ನು ಬಿಸಿಲಿಗೆ ತಂದು, ಬಾನೆಟ್ ಮುಚ್ಚಿ, ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂತೆವು. 41ನೆಯ ನಿಮಿಷಕ್ಕೆ ಎಂಜಿನ್ ಒಮ್ಮೆಯೂ ಕೆಮ್ಮದೆ ನಿಂತಿತು.

ಇನ್ನು ಮುಂದಿನ ಎರಡು ನಿಮಿಷ ಅಮೂಲ್ಯ. ಬಾನೆಟ್ ಎತ್ತಿದರೆ ತಣ್ಣಗಾಗತೊಡಗುತ್ತದೆ, ಸಾಕ್ಷಿ ಅಳಿಸಿಹೋಗುತ್ತದೆ. ನಮ್ಮ ಹುಡುಗ ಡೆಲ್ಕೊ ಮುಚ್ಚಳದ ನಡುವಿನ ದಪ್ಪ ವೈರ್ ಕಿತ್ತ. ಅದನ್ನು ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿನಲ್ಲಿ ಕಚ್ಚಿಸಿ, ತುದಿ ಎಂಜಿನ್ ಕಬ್ಬಿಣದಿಂದ ಒಂದು ಪೆನ್ಸಿಲ್ ದಪ್ಪದಷ್ಟು ದೂರ ಇರುವಂತೆ ಹಿಡಿದ. ನಾನು ಸೆಲ್ಫ್ ಹೊಡೆದೆ. ಸರಿಯಾದ ಕಿಡಿ ನೀಲಿಯಾಗಿರುತ್ತದೆ, ದಪ್ಪಗಿರುತ್ತದೆ, ಚಟ್ ಚಟ್ ಎಂದು ಕಿವಿಗೆ ಕೇಳುತ್ತದೆ. ಇಲ್ಲಿ ಕಂಡದ್ದು ಕೇಸರಿ ದಾರದಂಥ ಒಂದು ಎಳೆ, ಅದೂ ಮೂರು ಸಲಕ್ಕೆ ಒಂದು ಸಲ. ಸದ್ದೇ ಇಲ್ಲ. ಡೆಲ್ಕೊ ಮುಚ್ಚಳ ತೆಗೆದು ಮತ್ತೆ ಸೆಲ್ಫ್ ಹೊಡೆದರೆ ಪಾಯಿಂಟ್‌ಗಳು ತೆರೆದಾಗಲೆಲ್ಲ ನಡುವೆ ಬೆಳ್ಳಗೆ ಉರಿಯುತ್ತಿತ್ತು, ಸಣ್ಣ ವೆಲ್ಡಿಂಗ್‌ನ ಹಾಗೆ. ಪ್ಲಗ್‌ಗೆ ಹೋಗಬೇಕಾದ ಬೆಂಕಿ ಪಾಯಿಂಟ್‌ನಲ್ಲೇ ಉರಿದುಹೋಗುತ್ತಿತ್ತು.

ಇಲ್ಲಿ ಕಂಡೆನ್ಸರ್ ಮಾಡುವ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪಾಯಿಂಟ್ ಮುಚ್ಚಿದಾಗ ಬ್ಯಾಟರಿಯಿಂದ ಕಾಯಿಲ್‌ನ ದಪ್ಪ ಸುತ್ತಿನಲ್ಲಿ ಸುಮಾರು ನಾಲ್ಕು ಆಂಪಿಯರ್ ಕರೆಂಟ್ ಹರಿದು ಅಯಸ್ಕಾಂತ ಕಟ್ಟುತ್ತದೆ. ಪಾಯಿಂಟ್ ತೆರೆದಾಗ ಆ ಅಯಸ್ಕಾಂತ ಫಕ್ಕನೆ ಕುಸಿಯಬೇಕು. ಎಷ್ಟು ಬೇಗ ಕುಸಿಯುತ್ತದೋ ತೆಳು ಸುತ್ತಿನಲ್ಲಿ ಅಷ್ಟು ಹೆಚ್ಚು ವೋಲ್ಟೇಜ್, ಹದಿನೈದು ಇಪ್ಪತ್ತು ಸಾವಿರದವರೆಗೂ ಹುಟ್ಟುತ್ತದೆ. ಆದರೆ ಹರಿಯುತ್ತಿರುವ ಕರೆಂಟ್ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ, ಪಾಯಿಂಟ್ ನಡುವಿನ ಸಂದನ್ನೂ ಹಾರಿ ಹರಿಯಲು ನೋಡುತ್ತದೆ. ಆ ಕ್ಷಣದಲ್ಲಿ ಅದನ್ನು ನುಂಗಿಕೊಳ್ಳುವುದು ಕಂಡೆನ್ಸರ್. ಅಳತೆ 0.2 ಮೈಕ್ರೊಫ್ಯಾರಡ್ ಸುಮಾರು, ಗಾತ್ರ ಹೆಬ್ಬೆರಳಿನ ಮೇಲಿನ ಗಿಣ್ಣಿನಷ್ಟು. ಎಂಜಿನ್ 3000 ಸುತ್ತಿನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ ನೂರು ಸಲ ಈ ಕೆಲಸ. ಅದೂ ಎಂಜಿನ್ ಬಿಸಿಗೆ ಅಂಟಿಕೊಂಡ ಡೆಲ್ಕೊ ಜೊತೆಗೇ ಕೂತು.

ಹುಡುಗ "ಅಣ್ಣ, ಕಂಡೆನ್ಸರ್ ಹೊಸದಲ್ವಾ?" ಅಂದ. ಮೂರು ಗ್ಯಾರೇಜಿನವರೂ ಇದೇ ಮಾತಿಗೆ ಎಡವಿದ್ದು.

ಶೆಡ್ಡಿನಲ್ಲಿ ಹಳೆಯ ಅಂಬಾಸಡರ್‌ನಿಂದ ಬಿಚ್ಚಿಟ್ಟ ಕಂಡೆನ್ಸರ್ ಒಂದಿತ್ತು. ಫಿಯೆಟ್‌ನ ಕಂಡೆನ್ಸರ್ ಮುಟ್ಟದೆ, ಈ ಅಂಬಾಸಡರ್ ತುಂಡಿನ ವೈರನ್ನು ಕಾಯಿಲ್‌ನಿಂದ ಡೆಲ್ಕೊಗೆ ಹೋಗುವ ಟರ್ಮಿನಲ್‌ಗೆ ಸಿಕ್ಕಿಸಿ, ಅದರ ಮೈಯನ್ನು ಎಂಜಿನ್‌ಗೆ ಅರ್ತ್ ಮಾಡಿದೆ. ಸೆಲ್ಫ್ ಹೊಡೆದರೆ ಕಿಡಿ ನೀಲಿ! ವೈರ್ ವಾಪಸ್ ಹಾಕಿ ಕೀ ತಿರುಗಿಸಿದೆ, ಎಂಜಿನ್ ಎದ್ದಿತು. ನಿಂತು ನಾಲ್ಕು ನಿಮಿಷವೂ ಆಗಿರಲಿಲ್ಲ, ರೇಡಿಯೇಟರ್ ಮುಟ್ಟಿದರೆ ಕೈ ಸುಡುತ್ತಿತ್ತು, ಪಂಪಿನ ಮೇಲೆ ಒಂದು ಹನಿ ನೀರು ಹಾಕಿರಲಿಲ್ಲ. ಟೀಚರ್‌ಗೆ ಫೋನ್ ಮಾಡಿ ಎಂಜಿನ್ ಸದ್ದು ಕೇಳಿಸಿದೆ.

ಈ ಪರೀಕ್ಷೆ ಮಾಡುವವರು ಒಂದು ಸಂಗತಿ ತಿಳಿದಿರಬೇಕು. ಹೊರಗಿನಿಂದ ಇನ್ನೊಂದು ಕಂಡೆನ್ಸರ್ ಕಟ್ಟಿದರೆ ಫಲ ಸಿಗುವುದು ಮೂಲದ್ದು ಒಳಗೆ ಕಡಿದುಹೋಗಿದ್ದರೆ ಮಾತ್ರ. ಮೂಲದ್ದು ಶಾರ್ಟ್ ಆಗಿದ್ದರೆ ಅದು ಪಾಯಿಂಟನ್ನು ಸದಾ ಮುಚ್ಚಿದ ಹಾಗೆ ಇಟ್ಟಿರುತ್ತದೆ, ಪಕ್ಕದಲ್ಲಿ ಹತ್ತು ಕಟ್ಟಿದರೂ ಕಿಡಿ ಬರುವುದಿಲ್ಲ. ಆಗ ಮೊದಲು ಅದರ ವೈರ್ ಬಿಚ್ಚಬೇಕು. ನಮ್ಮದು ಮೊದಲನೆಯ ಜಾತಿ. ಬಿಚ್ಚಿದ ಕಂಡೆನ್ಸರನ್ನು ಮೀಟರ್‌ಗೆ ಹಾಕಿದಾಗ ತಣ್ಣಗೆ 0.21 ತೋರಿಸಿತು, ಏನೂ ಕುಂದಿಲ್ಲ. ಮನೆಯಿಂದ ಹೇರ್ ಡ್ರೈಯರ್ ತಂದು ಬಿಸಿ ಗಾಳಿ ಹಿಡಿದೆವು. ಮೂರು ನಿಮಿಷದವರೆಗೆ ಅಂಕಿ ಅಲುಗಲಿಲ್ಲ. ಆಮೇಲೆ ಒಮ್ಮೆಲೇ ಸೊನ್ನೆ. ಡ್ರೈಯರ್ ಆರಿಸಿ ಕಾದರೆ, ಬೆರಳಿಗೆ ಬೆಚ್ಚಗೆನ್ನಿಸುವ ಹೊತ್ತಿಗೆ ಮತ್ತೆ 0.21. ಐದು ಸಲ ಮಾಡಿದೆವು, ಐದೂ ಸಲ ಹಾಗೇ. ಒಳಗಿನ ಹಾಳೆಗೂ ಹೊರಗಿನ ವೈರಿಗೂ ನಡುವಿನ ಸಂಪರ್ಕ ಬಿಸಿಗೆ ಹಿಗ್ಗಿ ಬಿಡುತ್ತಿತ್ತು, ತಣ್ಣಗಾದರೆ ಕೂಡುತ್ತಿತ್ತು.

ಕಾಯಿಲನ್ನೂ ಬಿಸಿಯಲ್ಲೇ ಅಳೆದೆವು. ತಣ್ಣಗೆ 3.1 ಓಮ್, ಬಿಸಿಯಲ್ಲಿ 3.6. ಹೆದರುವಂಥದ್ದಲ್ಲ, ತಾಮ್ರದ ತಂತಿ ನಲವತ್ತು ಡಿಗ್ರಿ ಬಿಸಿಯೇರಿದರೆ ಅಷ್ಟು ಏರಲೇಬೇಕು.

ಒದ್ದೆ ಬಟ್ಟೆ ಯಾಕೆ "ಕೆಲಸ ಮಾಡುತ್ತಿತ್ತು" ಎಂಬುದೂ ಇಲ್ಲಿ ಬಯಲಾಯಿತು. ಟೀಚರ್ ಗಾಡಿ ಬದಿಗೆ ತಳ್ಳಿಸಿ, ಬಾನೆಟ್ ಎತ್ತಿ, ನೀರು ಹುಡುಕಿ, ಬಟ್ಟೆ ನೆನೆಸಿ, ಪಂಪಿನ ಮೇಲೆ ಹೊದಿಸಿ, ಹತ್ತು ಹದಿನೈದು ನಿಮಿಷ ಕಾಯುತ್ತಿದ್ದರು. ಅಷ್ಟರಲ್ಲಿ ಡೆಲ್ಕೊ ತಣ್ಣಗಾಗಿ ಕಂಡೆನ್ಸರ್ ಕೂಡಿಕೊಳ್ಳುತ್ತಿತ್ತು. ಬಟ್ಟೆ ಇಲ್ಲದೆ ಸುಮ್ಮನೆ ಕಾದಿದ್ದರೂ ಶುರುವಾಗುತ್ತಿತ್ತು. ನೋಟ್‌ಬುಕ್ಕಿನಲ್ಲಿ ಒಂದು ಸಲ ನೀರು ಸಿಗದೆ ಹಾಗೇ ಕಾದದ್ದೂ ಇತ್ತು: 22 ನಿಮಿಷ. ಬಟ್ಟೆ ಹಾಕಿದ ಸಲಗಳಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ.

ಕಂಡೆನ್ಸರನ್ನೂ, ಉರಿದು ಗುಳಿ ಬಿದ್ದಿದ್ದ ಪಾಯಿಂಟನ್ನೂ ಬದಲಿಸಿ, 0.45 ಮಿ.ಮೀ. ಗ್ಯಾಪ್ ಇಟ್ಟು, ಟೈಮಿಂಗ್ ನೋಡಿ ಗಾಡಿ ಕಳಿಸಿದೆ. ಕಳಿಸುವಾಗಲೇ ಹೇಳಿದ್ದೆ, "ಟೀಚರ್, ಅರ್ಧ ಕಾಯಿಲೆ ವಾಸಿಯಾಗಿದೆ. ಮೈಸೂರು ರಸ್ತೆಗೆ ಹೋಗುವ ದಿನ ನನ್ನನ್ನು ಕರೀರಿ."

ಮೂರು ವಾರ ಮಲ್ಲೇಶ್ವರಕ್ಕೆ ಹೋಗಿಬಂದರು, ಒಮ್ಮೆಯೂ ನಿಲ್ಲಲಿಲ್ಲ. ನಾಲ್ಕನೆಯ ವಾರ ತೋಟಕ್ಕೆ ಹೊರಟಾಗ ಮುಂದಿನ ಸೀಟಿನಲ್ಲಿ ನಾನು ಕೂತೆ.

ಎರಡನೆಯ ಕಾಯಿಲೆಗೆ ನಾನು ಕಟ್ಟಿಕೊಂಡು ಹೋದ ಸಾಮಾನು ಎರಡೇ. ಪಂಪಿಗೂ ಕಾರ್ಬ್ಯುರೇಟರ್‌ಗೂ ನಡುವೆ ಒಂದು ಪಾರದರ್ಶಕ ಫಿಲ್ಟರ್. ಟ್ಯಾಂಕಿನಿಂದ ಬರುವ ಪೈಪು ಪಂಪ್ ಸೇರುವ ಕಡೆ ಒಂದು ಟಿ ಜೋಡಿಸಿ, ಅದಕ್ಕೊಂದು ಪಂಪಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್. ಗೇಜಿನ ಕೊಳವೆಯನ್ನು ಬಾನೆಟ್ ಸಂದಿನಿಂದ ಹೊರಗೆ ತಂದು ವೈಪರ್ ಕಡ್ಡಿಗೆ ಬಿಗಿದು, ಮುಖ ಗಾಜಿನ ಕಡೆ ಇರುವಂತೆ ಕಟ್ಟಿದ್ದೆ. ಪೆಟ್ರೋಲ್ ಇರುವ ಕೊಳವೆಯನ್ನು ಎಂದೂ ಗಾಡಿಯೊಳಗೆ ತರಬಾರದು, ಎಂಥ ಅವಸರವಿದ್ದರೂ ಸರಿ.

ಊರೊಳಗೆ ಗೇಜಿನ ಮುಳ್ಳು ಪಾದರಸದ ಲೆಕ್ಕದಲ್ಲಿ 2 ಇಂಚಿನ ಆಸುಪಾಸಿನಲ್ಲಿತ್ತು. ಪಂಪ್ ಹಗುರವಾಗಿ ಎಳೆಯುತ್ತಿದೆ ಎಂದು ಅರ್ಥ. ಕೆಂಗೇರಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. "ರೇಸ್ ಕೊಡಿ ಟೀಚರ್," ಅಂದೆ. 60 ದಾಟಿತು, 65, 70. ಮುಳ್ಳು ಏರತೊಡಗಿತು. 4, 6, 8. ಹತ್ತು ಮುಟ್ಟಿದಾಗ ಎಳೆತ ಕುಗ್ಗಿತು. ಟೀಚರ್ "ಬಂತು, ಬಂತು," ಅಂದರು. ಮೂರು ಸಲ ಜಗ್ಗಿ ನಿಂತಿತು, ನೋಟ್‌ಬುಕ್ಕಿನಲ್ಲಿ ಬರೆದ ಹಾಗೇ. ಬದಿಗೆ ತೆಗೆದು ಬಾನೆಟ್ ಎತ್ತಿದರೆ ಫಿಲ್ಟರ್ ಬಹುತೇಕ ಖಾಲಿ. ಕಿಡಿ ನೋಡಿದೆ, ನೀಲಿ. ಗೇಜಿನ ಮುಳ್ಳು ನಮ್ಮ ಕಣ್ಣೆದುರೇ ನಿಧಾನವಾಗಿ ಸೊನ್ನೆಗೆ ಇಳಿಯಿತು. ಇಳಿದ ಮೇಲೆ ಸೆಲ್ಫ್ ಹೊಡೆದರೆ ಫಿಲ್ಟರ್ ತುಂಬಿತು, ಎಂಜಿನ್ ಎದ್ದಿತು.

ಆವಿಯ ಕಾಯಿಲೆಯಾಗಿದ್ದರೆ ಮುಳ್ಳು ಹೀಗೆ ಏರುತ್ತಿರಲಿಲ್ಲ. ಪಂಪಿನಲ್ಲಿ ಆವಿ ತುಂಬಿದರೆ ಅದು ಎಳೆಯುವುದನ್ನೇ ಬಿಡುತ್ತದೆ, ಗೇಜ್ ಬೀಳುತ್ತದೆ. ಇಲ್ಲಿ ಪಂಪ್ ಜೀವ ತೇಯ್ದು ಎಳೆಯುತ್ತಿತ್ತು, ಹಿಂದಿನಿಂದ ಯಾರೋ ಕತ್ತು ಹಿಸುಕಿದ್ದರು.

ಐಡ್ಲಿಂಗ್‌ನಲ್ಲಿ, ಊರೊಳಗೆ ಯಾಕೆ ಗೊತ್ತಾಗುತ್ತಿರಲಿಲ್ಲ ಎಂಬುದಕ್ಕೆ ಲೆಕ್ಕ ಸರಳ. ಈ ಎಂಜಿನ್ ನಿಂತಲ್ಲೇ ಓಡುವಾಗ ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಕುಡಿಯುತ್ತದೆ, ನಿಮಿಷಕ್ಕೆ 16 ಅಥವಾ 17 ಮಿ.ಲೀ. 70ರ ವೇಗದಲ್ಲಿ ಲೀಟರ್‌ಗೆ 13 ಕಿ.ಮೀ. ಎಂದು ಹಿಡಿದರೆ ನಿಮಿಷಕ್ಕೆ 90 ಮಿ.ಲೀ. ಬೇಕು, ಐದು ಪಟ್ಟಿಗೂ ಮೇಲೆ. ಕಾರ್ಬ್ಯುರೇಟರ್ ಬಟ್ಟಲಿನಲ್ಲಿ ನಿಂತಿರುವುದು ಅರ್ಧ ಟೀ ಲೋಟದಷ್ಟು. ಬರುವುದು ಕಡಿಮೆಯಾದರೆ ಆ ಲೋಟ ಒಂದು ನಿಮಿಷದೊಳಗೆ ಬರಿದಾಗುತ್ತದೆ. ಟೀಚರ್ ಬರೆದಿದ್ದ "ಎಳೆತ ಕಮ್ಮಿಯಾಗ್ತಾ ಬಂತು" ಅಂದರೆ ಆ ಲೋಟ ಖಾಲಿಯಾಗುವ ಹೊತ್ತು.

ಶೆಡ್ಡಿಗೆ ವಾಪಸ್ ಬಂದು ಗಾಡಿಯನ್ನು ಎತ್ತಿದೆವು. ಟ್ಯಾಂಕ್ ಮುಚ್ಚಳದ ಗಾಳಿಕಿಂಡಿ ತೆರೆದೇ ಇತ್ತು. ಪಂಪಿನ ತುದಿಯಿಂದ ಹಿಂದಕ್ಕೆ ಗಾಳಿ ಊದಿದರೆ ಟ್ಯಾಂಕಿನಲ್ಲಿ ಗುಳುಗುಳು ಸದ್ದು, ಪೈಪು ಸಲೀಸು. ಹಿಂದಿನವರೂ ಊದಿ ನೋಡಿ "ಲೈನ್ ಕ್ಲೀನ್" ಎಂದು ಬಿಟ್ಟಿದ್ದರಂತೆ. ಬೆಂಕಿಯಿಲ್ಲದ ಜಾಗದಲ್ಲಿ ಪೈಪನ್ನು ಎರಡೂ ಕಡೆ ಬಿಚ್ಚಿ, ಟ್ಯಾಂಕಿನ ಕಡೆಯಿಂದ ಪಂಪಿನ ಕಡೆಗೆ ಊದಿದೆವು. ಮೆಲ್ಲಗೆ ಊದಿದರೆ ಹೋಗುತ್ತದೆ. ಜೋರಾಗಿ ಊದಿದರೆ ಟಪ್ ಎಂದು ಮುಚ್ಚಿಕೊಳ್ಳುತ್ತದೆ!

ಟ್ಯಾಂಕಿನಿಂದ ಹೊರಟ ಉಕ್ಕಿನ ಪೈಪು ಎಂಜಿನ್ ಕೋಣೆಗೆ ಬರುವ ಮುಂಚೆ ಹಿಂದೆ ಒಂದು ಗೇಣುದ್ದದ ರಬ್ಬರ್ ಹೋಸ್ ಇದೆ, ಗಾಡಿಯ ಅಡಿಯಲ್ಲಿ, ಕೆಸರಿನ ಹಿಂದೆ. ಮುಂದಿನ ಹೋಸ್ ಬಾನೆಟ್ ಎತ್ತಿದರೆ ಕಾಣುತ್ತದೆ, ಆದ್ದರಿಂದ ಎಲ್ಲರೂ ಅದನ್ನು ಬದಲಿಸಿದ್ದರು, ಎರಡು ಸಲ. ಹಿಂದಿನದನ್ನು ಯಾರೂ ಮುಟ್ಟಿರಲಿಲ್ಲ. ಹೊರಗಿನಿಂದ ಗಟ್ಟಿಮುಟ್ಟಾಗಿಯೇ ಇತ್ತು, ಬೆರಳಲ್ಲಿ ಒತ್ತಿದರೆ ಸ್ವಲ್ಪ ಮೆತ್ತಗೆ ಅನ್ನಿಸಿತು, ಅಷ್ಟೆ. ಬ್ಲೇಡಿನಿಂದ ಉದ್ದುದ್ದ ಸೀಳಿದೆ. ಒಳಗೋಡೆಯ ಪದರ ಹಪ್ಪಳದ ಹಿಟ್ಟಿನ ಹಾಗೆ ಉಬ್ಬಿ ಗೋಡೆ ಬಿಟ್ಟು ಎದ್ದಿತ್ತು. ಅದರಲ್ಲಿ ಒಂದು ಕಡೆ ಕಿರುಬೆರಳ ಉಗುರಿನಷ್ಟು ನಾಲಗೆ ಸುಲಿದು ನಿಂತಿತ್ತು, ಬುಡ ಪಂಪಿನ ಕಡೆ, ತುದಿ ಟ್ಯಾಂಕಿನ ಕಡೆ. ಪೆಟ್ರೋಲ್ ನಿಧಾನವಾಗಿ ಬಂದರೆ ನಾಲಗೆ ಗೋಡೆಗೆ ಒರಗಿರುತ್ತದೆ. ಎಳೆತ ಜೋರಾದರೆ ಎದ್ದುಬಂದು ದಾರಿ ಮುಚ್ಚುತ್ತದೆ. ಹಿಂದಕ್ಕೆ ಊದಿದರೆ ಮಡಚಿಕೊಂಡು ದಾರಿ ಬಿಡುತ್ತದೆ. ಎರಡು ಮೂರು ನಿಮಿಷ ನಿಂತರೆ ಎಳೆತ ಕಳೆದು ತಾನೇ ಕೆಳಗೆ ಬೀಳುತ್ತದೆ. ಟೀಚರ್‌ಗೆ ತೋರಿಸಲು ಆ ತುಂಡನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟೆ. ಅವರು ಬಂದು ಪಿನ್ನಿನ ತುದಿಯಿಂದ ನಾಲಗೆಯನ್ನು ಎತ್ತಿ ಎತ್ತಿ ಬಿಟ್ಟು ನೋಡಿದರು. "ಇಷ್ಟಕ್ಕಾ," ಅಂದರು ಮೆಲ್ಲಗೆ.

ರಬ್ಬರ್ ಯಾಕೆ ಹೀಗಾಯಿತು ಎಂದರೆ ನಾವು ಈಗ ಹಾಕುತ್ತಿರುವ ಪೆಟ್ರೋಲ್ ಆ ರಬ್ಬರ್ ಹುಟ್ಟಿದ ಕಾಲದ ಪೆಟ್ರೋಲ್ ಅಲ್ಲ. ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಇ20 ಪೆಟ್ರೋಲನ್ನು ದೇಶದಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು, ಇಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ. ಆಗ 84 ಬಂಕ್‌ಗಳಲ್ಲಿ ಶುರುವಾದದ್ದು 2025ರ ಹೊತ್ತಿಗೆ ದೇಶದ ಎಲ್ಲೆಡೆಯ ಸಾಮಾನ್ಯ ಪೆಟ್ರೋಲ್ ಆಯಿತು. ಎಥನಾಲ್ ಹಳೆಯ ಬಗೆಯ ರಬ್ಬರ್ ಒಳಗೆ ಇಳಿದು ಅದನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ, ಪದರಗಳನ್ನು ಬಿಡಿಸುತ್ತದೆ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ಹಳೆಯ ಟ್ಯಾಂಕಿನ ಒಳಗೋಡೆಗೆ ವರ್ಷಗಟ್ಟಲೆ ಅಂಟಿದ ಕೊಳೆಯನ್ನು ತೊಳೆದು ತಂದು ಫಿಲ್ಟರ್‌ಗೆ ಸುರಿಯುತ್ತದೆ. ಇ20 ಬೇಕೇ ಬೇಡವೇ ಎಂಬ ಚರ್ಚೆ ನನ್ನ ಕೆಲಸವಲ್ಲ. ಬಂಕ್‌ನಲ್ಲಿ ಸಿಗುವುದು ಅದು, ಗಾಡಿ ಅದರಲ್ಲಿ ಓಡಬೇಕು, ಓಡುವ ಹಾಗೆ ಮಾಡುವುದು ನನ್ನ ಕೆಲಸ.

ಹಿಂದಿನ ಹೋಸ್, ಮುಂದಿನ ಹೋಸ್ ಎರಡನ್ನೂ ಎಥನಾಲ್ ತಡೆಯುವ ಒಳಪದರ ಇರುವ ಹೋಸ್‌ಗೆ ಬದಲಿಸಿದೆ. ಅಂಗಡಿಯಲ್ಲಿ ಕೇಳುವಾಗ ಬರೀ ಪೆಟ್ರೋಲ್ ಪೈಪ್ ಎನ್ನದೆ, ಮೈಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನು ಕೇಳಿ. ಅದರ ಒಳಪದರ ವೈಟಾನ್ ಜಾತಿಯದು. ಬೆಲೆ ಸಾದಾ ಹೋಸ್‌ಗಿಂತ ಎಷ್ಟೋ ಪಟ್ಟು, ಆದರೆ ಈ ಗಾಡಿಗೆ ಬೇಕಾದದ್ದು ಒಟ್ಟು ಎರಡು ಮೊಳವೂ ಇಲ್ಲ. ಎಸಿ ಪಂಪಿನ ಡಯಾಫ್ರಮ್ ಇತ್ತೀಚಿನದಾದರೂ ಬಿಚ್ಚಿ ನೋಡಿದೆ, ಅಂಚು ಅಲೆಯಲೆಯಾಗಿತ್ತು. ಅದನ್ನೂ, ಕಾರ್ಬ್ಯುರೇಟರ್ ನೀಡಲ್ ವಾಲ್ವನ್ನೂ ಬದಲಿಸಿದೆ.

ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು, ಅಂದರೆ ಜೆಟ್, ದೊಡ್ಡದು ಮಾಡಬೇಕಾ ಎಂದು ಹಳೆಯ ಗಾಡಿಯವರು ಬಹಳ ಕೇಳುತ್ತಾರೆ. ಎಥನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಇ20 ಹಾಕಿದಾಗ ಮಿಶ್ರಣ ನೂರಕ್ಕೆ ಏಳೆಂಟರಷ್ಟು ತೆಳುವಾಗುತ್ತದೆ, ಅಂದರೆ ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲದಾಗುತ್ತದೆ, ಅದು ನಿಜ. ಆದರೆ ನಮ್ಮೂರಿನ ಎತ್ತರದ ತೆಳು ಗಾಳಿಯಿಂದಾಗಿ ಹಳೆಯ ಕಾರ್ಬ್ಯುರೇಟರ್‌ಗಳು ಮೊದಲೇ ಐದರಷ್ಟು ದಪ್ಪ ಮಿಶ್ರಣ ಕೊಡುತ್ತಿರುತ್ತವೆ. ಒಂದು ಇನ್ನೊಂದನ್ನು ಬಹುಪಾಲು ಸರಿದೂಗಿಸುತ್ತದೆ. ಈ ಗಾಡಿಯ ಪ್ಲಗ್ ಬಣ್ಣವೂ ಅದನ್ನೇ ಹೇಳುತ್ತಿತ್ತು. ಜೆಟ್ ಮುಟ್ಟಲಿಲ್ಲ. ಚೆನ್ನೈನ ಗಾಡಿಗೆ ಇದೇ ಮಾತು ಹೇಳಲಾರೆ.

ಬಿಡಿಭಾಗದ ವಿಷಯ ನನಗೆ ನಿಜಕ್ಕೂ ನೋವಿನದು. ಜೆ.ಸಿ. ರಸ್ತೆಯಲ್ಲಿ ಫಿಯೆಟ್ ಸಾಮಾನು ಇನ್ನೂ ಸಿಗುತ್ತದೆ, ಹುಡುಕುವ ತಾಳ್ಮೆ ಇದ್ದರೆ. ಆದರೆ ಹೊಸ ಡಬ್ಬಿಯಲ್ಲಿ ಬಂದದ್ದೆಲ್ಲ ಒಳ್ಳೆಯದು ಎಂಬ ಕಾಲ ಹೋಯಿತು. ಈ ಪ್ರಕರಣದ ನಂತರ ನಾನು ಕಂಡೆನ್ಸರ್ ತಂದರೆ ಮೂರರಂತೆ ತರುತ್ತೇನೆ. ಮೂರನ್ನೂ ಮೀಟರ್‌ಗೆ ಹಾಕಿ, ಹತ್ತು ನಿಮಿಷ ಹೇರ್ ಡ್ರೈಯರ್ ಹಿಡಿದು, ಅಂಕಿ ಅಲುಗದಿದ್ದನ್ನು ಮಾತ್ರ ಗಾಡಿಗೆ ಹಾಕುತ್ತೇನೆ. ಕಳೆದ ಸಲ ಮೂರರಲ್ಲಿ ಒಂದು ಬಿದ್ದುಹೋಯಿತು. ಹಾಗೆ ಪಾಸಾದ ಒಂದನ್ನು ಅರ್ತ್ ಕ್ಲಿಪ್ ಸಮೇತ ಟೀಚರ್ ಗಾಡಿಯ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಇಟ್ಟಿದ್ದೇನೆ, ಎಲ್ಲಿಗೆ ಸಿಕ್ಕಿಸಬೇಕು ಎಂದು ಕಾಯಿಲ್ ಮೇಲೆ ಕೆಂಪು ಬಣ್ಣದ ಚುಕ್ಕೆ ಇಟ್ಟು. ಟೀಚರ್ ಒಂದು ಸಲ ತಾವೇ ಸಿಕ್ಕಿಸಿ ಅಭ್ಯಾಸ ಮಾಡಿಕೊಂಡರು.

ಗಾಡಿ ಹೋಗಿ ನಾಲ್ಕು ತಿಂಗಳಾಯಿತು. ಮಲ್ಲೇಶ್ವರಕ್ಕೆ ಎಲ್ಲ ಶನಿವಾರ, ಚನ್ನಪಟ್ಟಣಕ್ಕೆ ನಾಲ್ಕು ಸಲ. ಏಪ್ರಿಲ್‌ನ ಒಂದು ಮಧ್ಯಾಹ್ನ ನಾಯಂಡಹಳ್ಳಿಯಲ್ಲಿ ಐವತ್ತು ನಿಮಿಷ ಸಿಕ್ಕಿಕೊಂಡು, ಆಮೇಲೆ ಬಿಡದಿವರೆಗೆ ಎಪ್ಪತ್ತರಲ್ಲಿ ಹೋದರಂತೆ, ಪ್ರಶ್ನೆ ಚಿಹ್ನೆ ಹಾಕಿದ್ದ ಆ ಎರಡು ಸಲದ ಹಾಗೇ. ನಿಲ್ಲಲಿಲ್ಲ. ಪಾರದರ್ಶಕ ಫಿಲ್ಟರನ್ನು ನಾನು ಹಾಗೇ ಬಿಟ್ಟಿದ್ದೇನೆ. ಅದರ ತಳದಲ್ಲಿ ಪ್ರತಿ ತಿಂಗಳು ಇಟ್ಟಿಗೆ ಬಣ್ಣದ ಹುಡಿ ಒಂದು ಚಿಟಿಕೆ ಸೇರುತ್ತಿದೆ. ಅದು ಟ್ಯಾಂಕಿನ ತುಕ್ಕು. ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ಇಳಿಸಿ ಒಳಗೆ ತೊಳೆಸಬೇಕು. ಅಲ್ಲಿಯವರೆಗೆ ಫಿಲ್ಟರ್ ನೋಡುವ ಕೆಲಸಕ್ಕೆ ಟೀಚರ್ ನೋಟ್‌ಬುಕ್ಕಿನಲ್ಲಿ ಹೊಸ ಕಾಲಂ ಎಳೆದಿದ್ದಾರೆ.